ಭೌತ–ರಸಾಯನ ಪುನರಾವರ್ತನೆ: ಅಂಕ ಸೋರುವ ಜಾಗಗಳು

ಪುಸ್ತಕ ಮುಚ್ಚಿಟ್ಟು ಶುರುಮಾಡಿ. ಖಾಲಿ ಹಾಳೆಯ ಮೇಲೆ ಪಾಠದ ಹೆಸರು ಬರೆದು, ನೆನಪಿರುವ ಸೂತ್ರ, ಏಕಮಾನ, ಚಿತ್ರ, ಸಮೀಕರಣ ಎಲ್ಲವನ್ನೂ 10 ನಿಮಿಷದಲ್ಲಿ ಇಳಿಸಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ ಓದಬೇಕಾದದ್ದು ಆ ಕೆಂಪು ಸಾಲುಗಳನ್ನೇ. ಪಾಠವನ್ನು ಮೊದಲಿನಿಂದ ಕೊನೆವರೆಗೆ ಮತ್ತೆ ಮತ್ತೆ ಓದಿದರೆ ಎಲ್ಲ ಗೊತ್ತಿದೆ ಅನಿಸುತ್ತದೆ, ಆದರೆ ಪರೀಕ್ಷೆಯಲ್ಲಿ ನೋಡದೆ ಬರೆಯಬೇಕು. ಅಭ್ಯಾಸವೂ ಅದರದ್ದೇ ಆಗಲಿ.

ಭೌತಶಾಸ್ತ್ರದ ಲೆಕ್ಕದಲ್ಲಿ ಮೊದಲ ಕೆಲಸ ಏಕಮಾನ ಸರಿಪಡಿಸುವುದು. ಗಂಟೆಗೆ 72 ಕಿ.ಮೀ. ವೇಗದ ಕಾರು 5 ಸೆಕೆಂಡಿನಲ್ಲಿ ನಿಂತಿತು ಎನ್ನೋಣ. 72ನ್ನು ನೇರವಾಗಿ 5ರಿಂದ ಭಾಗಿಸಿದರೆ ಬರುವ 14.4ಕ್ಕೆ ಬೆಲೆಯಿಲ್ಲ. ಮೊದಲು 72ನ್ನು 3.6ರಿಂದ ಭಾಗಿಸಿ: ಸೆಕೆಂಡಿಗೆ 20 ಮೀಟರ್. ಈಗ ವೇಗೋತ್ಕರ್ಷ −4 ಮೀ./ಸೆ². ಋಣ ಚಿಹ್ನೆ ಬಿಡಬೇಡಿ, ವೇಗ ಇಳಿಯುತ್ತಿದೆ ಎಂದು ಹೇಳುವುದೇ ಅದು.

ಚಿಹ್ನೆಯ ತಪ್ಪು ಅತಿ ಹೆಚ್ಚು ಆಗುವುದು ದರ್ಪಣ ಮತ್ತು ಮಸೂರದ ಲೆಕ್ಕದಲ್ಲಿ. ಒಂದನ್ನು ಪೂರ್ತಿ ಮಾಡಿ ನೋಡೋಣ. ನಿಮ್ನ ದರ್ಪಣದ ಸಂಗಮದೂರ 15 ಸೆಂ.ಮೀ., ವಸ್ತು 20 ಸೆಂ.ಮೀ. ದೂರದಲ್ಲಿದೆ. ದೂರಗಳನ್ನೆಲ್ಲ ದರ್ಪಣದ ಧ್ರುವದಿಂದ ಅಳೆಯಬೇಕು. ಬೀಳುವ ಬೆಳಕು ಸಾಗುವ ದಿಕ್ಕು ಧನ, ಅದರ ವಿರುದ್ಧ ದಿಕ್ಕು ಋಣ. ಹಾಗಾಗಿ ವಸ್ತುದೂರ −20, ಸಂಗಮದೂರ −15. ಸೂತ್ರದ ಪ್ರಕಾರ ಪ್ರತಿಬಿಂಬದೂರದ ವ್ಯುತ್ಕ್ರಮ ಸಿಗಲು ಸಂಗಮದೂರದ ವ್ಯುತ್ಕ್ರಮದಿಂದ ವಸ್ತುದೂರದ ವ್ಯುತ್ಕ್ರಮ ಕಳೆಯಬೇಕು: −1/15 + 1/20 = −1/60. ಪ್ರತಿಬಿಂಬದೂರ −60 ಸೆಂ.ಮೀ. ಅದನ್ನು ವಸ್ತುದೂರದಿಂದ ಭಾಗಿಸಿ ಚಿಹ್ನೆ ಬದಲಿಸಿದರೆ ವರ್ಧನೆ −3. ಅಂದರೆ ಸತ್ಯ, ತಲೆಕೆಳಗಾದ, 3 ಪಟ್ಟು ದೊಡ್ಡ ಪ್ರತಿಬಿಂಬ. ಸಂಗಮದೂರವನ್ನು +15 ಎಂದು ಹಾಕಿದ್ದರೆ ಸುಮಾರು +8.6 ಬರುತ್ತಿತ್ತು, ಪ್ರತಿಬಿಂಬ ದರ್ಪಣದ ಹಿಂದೆ ಮೂಡಿದಂತೆ. ವಸ್ತು ಸಂಗಮಬಿಂದುವಿನಿಂದ ಆಚೆಗಿರುವಾಗ ನಿಮ್ನ ದರ್ಪಣದಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಮುಂಚೆ ಕಿರಣಚಿತ್ರದ ಕರಡೊಂದನ್ನು ಗೀಚಿಕೊಳ್ಳಿ. ಉತ್ತರ ಚಿತ್ರಕ್ಕೆ ಹೊಂದದಿದ್ದರೆ ಚಿಹ್ನೆ ತಪ್ಪಿದೆ ಎಂದೇ ತಿಳಿಯಿರಿ. ಮಸೂರಕ್ಕೆ ಬಂದಾಗ ಸೂತ್ರದಲ್ಲೂ ವರ್ಧನೆಯಲ್ಲೂ ಚಿಹ್ನೆ ಬದಲಾಗುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಸಮಾಂತರ ಜೋಡಣೆಯಲ್ಲಿ ಆಗುವ ತಪ್ಪು ಬೇರೆ ಥರದ್ದು. 6 ಓಮ್ ಮತ್ತು 3 ಓಮ್ ರೋಧಗಳಿದ್ದರೆ 1/6 + 1/3 = 1/2. ಅವಸರದಲ್ಲಿ ಅಲ್ಲೇ ನಿಲ್ಲಿಸಿ 0.5 ಓಮ್ ಎಂದು ಬರೆದುಬಿಡುತ್ತಾರೆ. ಅದನ್ನು ತಿರುಗಿಸಬೇಕು: ಉತ್ತರ 2 ಓಮ್. 6 ವೋಲ್ಟ್ ಬ್ಯಾಟರಿ ಜೋಡಿಸಿದರೆ ಒಟ್ಟು ಪ್ರವಾಹ 3 ಆಂಪಿಯರ್. 6 ಓಮ್‌ನಲ್ಲಿ 1, 3 ಓಮ್‌ನಲ್ಲಿ 2. ಕವಲುಗಳ ಪ್ರವಾಹ ಕೂಡಿದಾಗ ಒಟ್ಟು ಪ್ರವಾಹ ಬಂದರೆ ಲೆಕ್ಕ ಸರಿ. ಸಮಾಂತರದ ಒಟ್ಟು ರೋಧ, ಇರುವವುಗಳಲ್ಲಿ ಅತಿ ಚಿಕ್ಕದಕ್ಕಿಂತಲೂ ಕಡಿಮೆಯೇ ಇರಬೇಕು. ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರವಾಗಿ. ಚಿತ್ರ ಬರೆಯುವಾಗ ಇದನ್ನು ಅದಲುಬದಲು ಮಾಡಬೇಡಿ.

ರಸಾಯನಶಾಸ್ತ್ರಕ್ಕೆ ಬಂದರೆ, ಸಮೀಕರಣ ಸರಿದೂಗಿಸುವುದನ್ನು ದಿನಕ್ಕೆ ಐದರಂತೆ ಮಾಡಿ. ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರಾವಿ ಹಾಯಿಸಿದಾಗ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಬರುತ್ತವೆ. ಎಲ್ಲಕ್ಕಿಂತ ಹೆಚ್ಚು ಪರಮಾಣುಗಳಿರುವ ಸಂಯುಕ್ತದಿಂದ ಹಿಡಿಯಿರಿ. ಈ ಆಕ್ಸೈಡಿನಲ್ಲಿ 3 ಕಬ್ಬಿಣ, 4 ಆಕ್ಸಿಜನ್ ಇವೆ. ಹಾಗಾಗಿ ಎಡಗಡೆ ಕಬ್ಬಿಣದ ಮುಂದೆ 3, ನೀರಿನ ಮುಂದೆ 4. ಈಗ ಎಡಕ್ಕೆ 8 ಹೈಡ್ರೋಜನ್ ಪರಮಾಣುಗಳಾದವು. ಬಲಗಡೆ ಹೈಡ್ರೋಜನ್ ಅಣುವಿನ ಮುಂದೆ 4 ಹಾಕಿದರೆ ಮುಗಿಯಿತು. ಸೂತ್ರದೊಳಗಿನ ಕೆಳ ಅಂಕಿಯನ್ನು ಮಾತ್ರ ಮುಟ್ಟಕೂಡದು. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಮೋಲ್ ಎಂದರೆ ಹೆದರುವವರು ಬಹಳ, ಆದರೆ ಅದು ಡಜನ್ ಇದ್ದಂತೆ ಎಣಿಕೆಯ ಒಂದು ಅಳತೆ: 6.022 × 10²³ ಕಣಗಳು. ನೀರಿನ ಮೋಲಾರ್ ರಾಶಿ 18 ಗ್ರಾಂ, ಆದ್ದರಿಂದ 36 ಗ್ರಾಂ ನೀರು 2 ಮೋಲ್. ಅದರಲ್ಲಿ ಹೈಡ್ರೋಜನ್ ಪರಮಾಣುಗಳು 4 ಮೋಲ್. ಪ್ರಶ್ನೆ ಕೇಳುತ್ತಿರುವುದು ಅಣುವನ್ನೋ ಪರಮಾಣುವನ್ನೋ ಎಂದು ಆ ಪದಕ್ಕೆ ಗೆರೆ ಎಳೆದು ಖಚಿತಪಡಿಸಿಕೊಳ್ಳಿ. 1 ಮೋಲ್ ಆಕ್ಸಿಜನ್ ಅನಿಲಕ್ಕೆ 16 ಗ್ರಾಂ ಎಂದು ಬರೆಯುವುದೂ ಇದೇ ಗೊಂದಲದಿಂದ. ಅಣುವಿನಲ್ಲಿ ಎರಡು ಪರಮಾಣುಗಳಿರುವುದರಿಂದ ಅದು 32 ಗ್ರಾಂ.

ಉತ್ಕರ್ಷಣ–ಅಪಕರ್ಷಣದಲ್ಲಿ ವಸ್ತುವಿನ ಹೆಸರು ಪೂರ್ತಿ ಇರಲಿ. ಕಾದ ತಾಮ್ರದ ಆಕ್ಸೈಡ್ ಮೇಲೆ ಹೈಡ್ರೋಜನ್ ಹಾಯಿಸಿದಾಗ ಅಪಕರ್ಷಣಗೊಳ್ಳುವುದು ತಾಮ್ರದ ಆಕ್ಸೈಡ್. ಬರಿ ‘ತಾಮ್ರ’ ಎಂದರೆ ಉತ್ತರ ತಪ್ಪು. ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳ ಸಾರತೆ 10 ಪಟ್ಟು ಏರುತ್ತದೆ, 5ರಿಂದ 3ಕ್ಕೆ ಇಳಿದರೆ 100 ಪಟ್ಟು. ಇಂಗಾಲದ ಡೈಆಕ್ಸೈಡ್ ಹಾಯಿಸಿದ ಸುಣ್ಣದ ತಿಳಿನೀರು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಹಾಲಿನಂತಾಗುತ್ತದೆ. ಅನಿಲ ಇನ್ನೂ ಹಾಯಿಸಿದರೆ ಕರಗುವ ಬೈಕಾರ್ಬೊನೇಟ್ ಆಗಿ ಮತ್ತೆ ತಿಳಿಯಾಗುತ್ತದೆ. ಈ ಎರಡನೆಯ ಭಾಗವನ್ನು ಹಲವರು ಮರೆಯುತ್ತಾರೆ.

ತಪ್ಪಾದ ಲೆಕ್ಕವನ್ನು ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಅಂಕಿ ಬದಲಿಸಿಕೊಂಡು. ಮೇಲಿನ ದರ್ಪಣದಲ್ಲೇ ವಸ್ತುವನ್ನು 10 ಸೆಂ.ಮೀ.ಗೆ ತನ್ನಿ: ಪ್ರತಿಬಿಂಬದೂರ +30, ವರ್ಧನೆ +3. ಗಾತ್ರ ಅದೇ 3 ಪಟ್ಟು, ಆದರೆ ಪ್ರತಿಬಿಂಬ ಈಗ ಮಿಥ್ಯ, ನೇರ, ದರ್ಪಣದ ಹಿಂದೆ.