ಬ್ಯಾಟರಿ ಉಲ್ಟಾ ಕೊಟ್ಟರೂ ಬೇಲಿ ಮಷಿನ್ ಸುಡಬಾರದು

ತೀರ್ಥಹಳ್ಳಿ, ಹೊಸನಗರದ ಕಡೆ ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದವರು ಜಾಸ್ತಿ. ಮಳೆಗಾಲದಲ್ಲಿ ಬಿಸಿಲಿರೋದಿಲ್ಲ, ಪ್ಯಾನೆಲ್ ಸಾಲುವುದಿಲ್ಲ. 12 ವೋಲ್ಟ್ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡಿ, ಸಂಜೆ ಮಳೆಯಲ್ಲೇ ವಾಪಸ್ ಸಿಕ್ಕಿಸುತ್ತಾರೆ. ಟಾರ್ಚ್ ಬೆಳಕಲ್ಲಿ ಪ್ಲಸ್ಸು, ಮೈನಸ್ಸು ಅದಲುಬದಲಾದರೆ ಬೇಲಿ ತಂತಿಗೆ ಶಾಕ್ ಕೊಡುವ ಮಷಿನ್ ಸುಟ್ಟು ನನ್ನ ರಿಪೇರಿ ಟೇಬಲ್ಲಿಗೆ ಬರುತ್ತದೆ.

ಸಪ್ಲೈ ಉಲ್ಟಾ ಆದಾಗ ಪವರ್ ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಒಳಗಿರುವ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ತೆರೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಸುರುಳಿ ಮೂಲಕ ಬ್ಯಾಟರಿ ಶಾರ್ಟ್ ಆದ ಹಾಗೇ. ಮಾಮೂಲಿ ಎನ್‌ಪಿಎನ್ ಟ್ರಾನ್ಸಿಸ್ಟರ್ ಆದರೆ ಅದರ ಬೇಸ್-ಎಮಿಟರ್ ಕಾಲುಗಳ ನಡುವೆ ಉಲ್ಟಾ ವೋಲ್ಟೇಜ್ ತಡೆಯುವುದು ಬರೀ 5–7 ವೋಲ್ಟ್. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಬ್ಬಿ ಒಡೆಯುತ್ತದೆ.

ಫ್ಯೂಸ್ ಹಾಕಿ, ಅದರ ಮುಂದೆ ಪ್ಲಸ್-ಮೈನಸ್ ನಡುವೆ ಅಡ್ಡಲಾಗಿ ಡಯೋಡ್ ಕೂರಿಸಬಹುದು; ಬ್ಯಾಟರಿ ಉಲ್ಟಾ ಆದರೆ ಅದು ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಆದರೆ ಫ್ಯೂಸ್ ಹೋದ ರಾತ್ರಿ ಬೇಲಿ ಸತ್ತಂತೆ. ಜನ ಅಲ್ಲಿ ತಾಮ್ರದ ಎಳೆ ಸುತ್ತಿಬಿಡುತ್ತಾರೆ. ಸಾಲಿನಲ್ಲೇ (ಸೀರೀಸ್) 1ಎನ್5408 ಡಯೋಡ್ ಹಾಕಿದರೆ 2 ಆಂಪ್ಸ್‌ಗೆ ಸುಮಾರು 0.8 ವೋಲ್ಟ್ ಸುಮ್ನೆ ಹೋಗುತ್ತದೆ. ಬ್ಯಾಟರಿ ಇಳಿದಿರುವಾಗ ಅದು ಸಣ್ಣ ನಷ್ಟ ಅಲ್ಲ.

ನಾನು ಹಾಕುವುದು ಪಿ-ಚಾನೆಲ್ ಮಾಸ್ಫೆಟ್, ಐಆರ್‌ಎಫ್9540ಎನ್. ಆನ್ ಆದಾಗ ಇದರ ರೆಸಿಸ್ಟೆನ್ಸ್ ಹೆಚ್ಚೆಂದರೆ 0.117 ಓಮ್. 2 ಆಂಪ್ಸ್‌ಗೆ ಕಾಲು ವೋಲ್ಟೂ ಇಳಿಯುವುದಿಲ್ಲ. ಇದಕ್ಕೆ ಮೂರು ಕಾಲು: ಡ್ರೈನ್, ಸೋರ್ಸ್, ಆನ್-ಆಫ್ ಮಾಡುವ ಗೇಟ್. ಡ್ರೈನ್ ಬ್ಯಾಟರಿ ಪ್ಲಸ್‌ಗೆ, ಸೋರ್ಸ್ ಸರ್ಕ್ಯೂಟ್‌ಗೆ. ಇದು ವಿಚಿತ್ರ ಅನ್ನಿಸಬಹುದು, ಆದರೆ ತಿರುಗಿಸಿ ಹಾಕಿದರೆ ಒಳಗಿನ ಡಯೋಡೇ ಉಲ್ಟಾ ಕರೆಂಟಿಗೆ ದಾರಿ ಕೊಡುತ್ತದೆ. ಗೇಟನ್ನು 100ಕೆ (ಒಂದು ಲಕ್ಷ ಓಮ್) ರೆಸಿಸ್ಟರ್ ಮೂಲಕ ಮೈನಸ್‌ಗೆ ಕೊಡುತ್ತೇನೆ. ಬ್ಯಾಟರಿ ಸರಿಯಾಗಿದ್ದರೆ ಗೇಟ್ ಸೋರ್ಸ್‌ಗಿಂತ ಕೆಳಗಿದ್ದು ಮಾಸ್ಫೆಟ್ ಆನ್ ಆಗುತ್ತದೆ, ಉಲ್ಟಾ ಆದರೆ ಆಫ್ ಆಗಿಯೇ ಇರುತ್ತದೆ. ಗೇಟ್-ಸೋರ್ಸ್ ನಡುವೆ 15 ವೋಲ್ಟ್ ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ಹಿಡಿಯುವ ಡಯೋಡ್), ಗೆರೆ ಇರುವ ತುದಿ ಸೋರ್ಸ್ ಕಡೆ. ಗೇಟ್ 20 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ, ಅದಕ್ಕೇ ಈ ಕಾವಲು.

ಬೆಸುಗೆ ಮುಗಿದ ಮೇಲೆ ಒಳಗೆ ತಂತಿ ಉರಿಯುವ ಬೈಕಿನ ಹಳೇ ಇಂಡಿಕೇಟರ್ ಬಲ್ಬನ್ನು ಸಾಲಿನಲ್ಲಿಟ್ಟು, ಬೇಕಂತಲೇ ಉಲ್ಟಾ ಕೊಟ್ಟು ನೋಡುತ್ತೇನೆ. ಬಲ್ಬ್ ಉರಿಯಬಾರದು. ಎಲ್ಲೋ ಶಾರ್ಟ್ ಇದ್ದರೂ ಬಲ್ಬ್ ಉರಿಯುತ್ತದೆ ಅಷ್ಟೇ, ಮಷಿನ್ ಉಳಿಯುತ್ತದೆ.

ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಬೇಕು. ಪ್ಯಾನೆಲ್ ಪ್ಲಸ್ ಸೋರ್ಸ್ ಕಡೆ ಸೇರಿದ್ದರೆ ಈ ರಕ್ಷಣೆ ನಡೆಯುವುದಿಲ್ಲ. ಪ್ಯಾನೆಲ್ ವೋಲ್ಟೇಜಿಗೇ ಮಾಸ್ಫೆಟ್ ಆನ್ ಆಗಿ, ಉಲ್ಟಾ ಬ್ಯಾಟರಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಚಾರ್ಜಿಂಗ್ ವೈರನ್ನು ಬ್ಯಾಟರಿ ಕಡೆಗೇ ತಂದು, ಅದಕ್ಕೆ ಬೇರೆ ಫ್ಯೂಸ್ ಹಾಕುತ್ತೇನೆ. ಬ್ಯಾಟರಿ ಬದಲಿಸುವ ಮುಂಚೆ ಪ್ಯಾನೆಲ್ ವೈರ್ ಬಿಚ್ಚಿ ಅಂತ ಮಷಿನ್ ತಗೊಂಡು ಹೋಗುವವರಿಗೂ ಹೇಳಿ ಕಳಿಸುತ್ತೇನೆ.