ಬೇರಿಂಗ್ ಬ್ಲಾಕ್ ಬದಲಿಸಲು ಹೋಗಿ

ಶಿವಮೊಗ್ಗದ ಮಾಚೇನಹಳ್ಳಿ ಕಡೆ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತೇನೆ. ಹಸಿ ಅಡಿಕೆ ಸುಲಿಯುವ ಮಿಷನ್ ಮಾಡುತ್ತೇವೆ. ಹೋದ ಸಲ 20 ಮಿ.ಮೀ. ಶಾಫ್ಟ್ ಬಾಗಿದ ದೂರು ಬಂದಿತ್ತು. ಈ ಸಲ 25ಕ್ಕೆ ಹೋಗೋಣ ಎಂದಾಯಿತು. ಅಂದರೆ ಶಾಫ್ಟಿನ ತುದಿ ಹಿಡಿದು ತಿರುಗಲು ಬಿಡುವ ಬೇರಿಂಗ್ ಬ್ಲಾಕನ್ನೂ ಬದಲಿಸಬೇಕು: 20ರ ಶಾಫ್ಟಿನ ಯುಸಿಪಿ 204 ತೆಗೆದು 25ರದ್ದಾದ 205 ಹಾಕಬೇಕು. ಮಿಷನ್ನಿಗೆ ನಾಲ್ಕು ಶಾಫ್ಟು, ಎಂಟು ಬ್ಲಾಕು. ಶಾಫ್ಟಿನ ಮೇಲಿನ ರೋಲರ್‌ಗೂ ಕೆಳಗಿನ ಪ್ಲೇಟಿಗೂ ನಡುವಿನ ಗ್ಯಾಪಿನಲ್ಲಿ ಅಡಿಕೆ ಸುಲಿಯುತ್ತದೆ.

ನಾವು ಡಿಸೈನ್ ಮಾಡುವ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಹತ್ತು ನಿಮಿಷದ ಕೆಲಸ ಅಂದುಕೊಂಡೆ. 205ರ ಮಾಡೆಲ್ ಡೌನ್‌ಲೋಡ್ ಮಾಡಿದೆ. ಪಾರ್ಟ್ ಬದಲಿಸುವ ರಿಪ್ಲೇಸ್ ಕಾಂಪೊನೆಂಟ್ಸ್ ತೆರೆದು ಆಲ್ ಇನ್‌ಸ್ಟೆನ್ಸಸ್, ರೀ-ಅಟ್ಯಾಚ್ ಮೇಟ್ಸ್ ಎರಡಕ್ಕೂ ಟಿಕ್ ಹಾಕಿ ಓಕೆ ಒತ್ತಿದೆ. ಮೇಟ್‌ಗಳೆಲ್ಲ ಕೆಂಪು! ಮೇಟ್ ಅಂದರೆ ಒಂದು ಪಾರ್ಟನ್ನು ಇನ್ನೊಂದಕ್ಕೆ ಕೂರಿಸುವ ಜೋಡಣೆ, ಕೆಂಪಾದರೆ ಅದು ಕೆಟ್ಟಿದೆ ಎಂದರ್ಥ. ಒಂದೊಂದು ಬ್ಲಾಕಿಗೆ ತಳದ್ದೊಂದು, ಬೋಲ್ಟ್ ತೂತುಗಳದ್ದು ಎರಡು, ಶಾಫ್ಟಿನದು ಬಿಟ್ಟೇ 24. ಸೇವ್ ಮಾಡದೆ ಮುಚ್ಚಿ ಚಹಾ ಕುಡಿಯಲು ಎದ್ದೆ. ಹೊರಗೆ ಮಳೆ ಬೇರೆ.

ಆಮೇಲೆ ಹೊಳೆಯಿತು. ನಮ್ಮ ಕಣ್ಣಿಗೆ ಎರಡೂ ಬ್ಲಾಕು ಒಂದೇ ಥರ. ಸಾಫ್ಟ್‌ವೇರ್ ಆಕಾರ ನೋಡುವುದಿಲ್ಲ. ಪ್ರತಿ ಮುಖಕ್ಕೂ ಒಳಗೆ ಒಂದು ಗುರುತು ಇರುತ್ತದೆ, ಮೇಟ್ ಹಿಡಿದುಕೊಂಡಿರುವುದು ಅದನ್ನು. ಬೇರೆ ಯಾರೋ ಮೊದಲಿಂದ ಬರೆದ ಮಾಡೆಲ್‌ನಲ್ಲಿ ಆ ಗುರುತು ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ 204 ಫೈಲನ್ನೇ ನಕಲು ಮಾಡಿ ಅದರ ಅಳತೆ ತಿದ್ದಿ 205 ಮಾಡಿದೆ. ಇಲ್ಲೊಂದು ಗುಂಡಿ ಇದೆ, ನಾನು ಮೊದಲೇ ಬಿದ್ದು ಎದ್ದವನು. ಅಸೆಂಬ್ಲಿ, ಅಂದರೆ ಎಲ್ಲ ಪಾರ್ಟ್ ಜೋಡಿಸಿದ ಇಡೀ ಮಿಷನ್ನಿನ ಫೈಲು, ತೆರೆದಿರುವಾಗ ಸುಮ್ನೆ ಸೇವ್ ಆ್ಯಸ್ ಕೊಟ್ಟರೆ ಅದು ಹಳೆಯದನ್ನು ಬಿಟ್ಟು ಹೊಸ ಫೈಲಿಗೆ ಅಂಟಿಕೊಳ್ಳುತ್ತದೆ. ಸೇವ್ ಆ್ಯಸ್ ಕಾಪಿ ಆರಿಸಬೇಕು. ಹೊರಗಿನ ಮಾಡೆಲ್ಲೇ ಬೇಕೆಂದರೆ ಎರಡೂ ಪಾರ್ಟ್‌ಗಳಲ್ಲಿ ಮೇಟ್ ಕೂರುವ ಮುಖಗಳಿಗೆ ಒಂದೇ ಹೆಸರು ಇಡಬಹುದು, ಫೇಸ್ ಪ್ರಾಪರ್ಟೀಸ್‌ನಲ್ಲಿ. ಆಗಲೂ ಹಿಡಿಯುತ್ತದೆ.

ಇಷ್ಟಾದರೂ ಕೆಂಪು ಪೂರ್ತಿ ಹೋಗಲಿಲ್ಲ. ಈ ಸಲ ಜಗಳ ಬೇರೆ. 204ರ ಬೋಲ್ಟ್ ತೂತುಗಳ ಅಂತರ 95 ಮಿ.ಮೀ., 205ರದ್ದು 105. ಫ್ರೇಮಿನಲ್ಲಿ ಇನ್ನೂ 95 ಇದೆ. ಒಂದು ತೂತು ಕೂತರೆ ಇನ್ನೊಂದು ಕೂರಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆ. ಪ್ರತಿ ಬ್ಲಾಕಿನ ಎರಡನೇ ತೂತಿನ ಮೇಟ್ ಸಪ್ರೆಸ್ ಮಾಡಿದೆ (ಸದ್ಯಕ್ಕೆ ಆಫ್ ಮಾಡುವುದು), ಫ್ರೇಮಿನ ತೂತು 105ಕ್ಕೆ ತಿದ್ದಿದೆ, ಬ್ಲಾಕ್ ಬದಲಿಸಿದೆ, ಕೊನೆಗೆ ಸಪ್ರೆಸ್ ತೆಗೆದೆ. ಶಾಫ್ಟ್ ಅಳತೆಯನ್ನೂ 25 ಮಾಡಿದೆ. ಒಂದೂ ಕೆಂಪಿಲ್ಲ. ಇಂಟರ್‌ಫರೆನ್ಸ್ ಚೆಕ್ ಮಾಡಿದರೂ ಸೊನ್ನೆ. ಖುಷಿಯಲ್ಲಿ ಡ್ರಾಯಿಂಗ್ ಪ್ರಿಂಟ್ ಕೊಟ್ಟುಬಿಟ್ಟೆ.

ಮರುದಿನ ನಮ್ಮ ಫಿಟ್ಟರ್ ಪ್ರಿಂಟ್ ಹಿಡಿದುಕೊಂಡು ಬಂದ. "ಅಣ್ಣ, ರೋಲರ್ ಮೇಲೆ ಹೋಗ್ಯದೆ, ಕೆಳಗಿನ ಪ್ಲೇಟು ಇದ್ದಲ್ಲೇ ಅದೆಯಲ್ಲ? ಅಡಿಕೆ ಸುಲಿಯದೆ ಹಂಗೇ ಬೀಳ್ತದೆ."

ನಿಜ. ತಳದಿಂದ ಶಾಫ್ಟ್ ನಡುವಿನವರೆಗೆ 204ರಲ್ಲಿ 33.3 ಮಿ.ಮೀ., 205ರಲ್ಲಿ 36.5. ಗ್ಯಾಪ್ 3.2 ಮಿ.ಮೀ. ಜಾಸ್ತಿಯಾಗಿತ್ತು. ಎರಡು ಪಾರ್ಟ್ ಒಂದರೊಳಗೊಂದು ನುಗ್ಗಿದರೆ ಇಂಟರ್‌ಫರೆನ್ಸ್ ಚೆಕ್ ಹೇಳುತ್ತದೆ. ದೂರವಾದರೆ ಅದಕ್ಕೇನು?

ಪ್ಲೇಟಿನ ಬೋಲ್ಟ್ ತೂತುಗಳನ್ನು ಫ್ರೇಮಿನಲ್ಲಿ 3.2 ಮೇಲಕ್ಕೆ ಸರಿಸಿದೆ. ರೋಲರ್‌ಗೂ ಪ್ಲೇಟಿಗೂ ನಡುವೆ ಅಂತರ ಹಿಡಿದಿಡುವ ಡಿಸ್ಟನ್ಸ್ ಮೇಟ್ ಕೂಡ ಹಾಕಿದೆ. ಇನ್ನು ಬ್ಲಾಕಿನ ಎತ್ತರ ಬದಲಾದರೆ ಅಲ್ಲೇ ಕೆಂಪು ಕಾಣಲಿ ಅಂತ. ಅಷ್ಟರಲ್ಲಿ ಎರಡು ಫ್ರೇಮಿಗೆ ಹಳೇ ಎತ್ತರದಲ್ಲೇ ಡ್ರಿಲ್ ಹಾಕಿ ಆಗಿತ್ತು. ಆ ತೂತುಗಳನ್ನು ಅರದಲ್ಲಿ ಉಜ್ಜಿ ಉದ್ದ ಮಾಡಿದ್ದು ಫಿಟ್ಟರ್. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ, ಕರೆಂಟ್ ಹೋಗಿತ್ತು.