ಆನ್‌ಲೈನ್ ಸ್ವಯಂಸೇವಕರನ್ನು ಸೇರಿಸಿಕೊಂಡು ಸಾಮಾಜಿಕ ಉದ್ಯಮ ಬೆಳೆಸುವುದು ಹೇಗೆ?

ಹತ್ತಾರು ಭಾಷೆಗಳಲ್ಲಿ ಮಕ್ಕಳ ಪುಸ್ತಕ ತರುವ ಕೆಲಸವನ್ನು ಸಂಬಳದ ಸಿಬ್ಬಂದಿಯಿಂದಲೇ ಮಾಡಿಸಲು ಹೊರಟರೆ ಹಣವೂ ಸಾಲದು, ಕಾಲವೂ ಸಾಲದು. ಬೆಂಗಳೂರಿನ ಲಾಭರಹಿತ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನ, ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ತೆರೆದು, ಕಥೆಗಳನ್ನು ಓದುವುದಷ್ಟೇ ಅಲ್ಲದೆ ಅನುವಾದಿಸುವ ಅವಕಾಶವನ್ನೂ ಎಲ್ಲರಿಗೂ ಕೊಟ್ಟಿತು. ಇಂಥ ಉದ್ಯಮ ಕಟ್ಟಬಯಸುವವರಿಗೆ ಅದರಲ್ಲಿ ಕಲಿಯುವುದು ಸಾಕಷ್ಟಿದೆ.

ಮೊದಲು ಹಕ್ಕುಗಳ ವಿಷಯ ಇತ್ಯರ್ಥವಾಗಬೇಕು. ಕೃತಿಯೊಂದನ್ನು ಅನುವಾದಿಸುವ ಹಕ್ಕು ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಹೊಂದಿದವರದ್ದು. ಸ್ಟೋರಿವೀವರ್ ಕಥೆಗಳು ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬೈ’ ಪರವಾನಗಿಯಲ್ಲಿ, ಅಂದರೆ ಹಕ್ಕುದಾರರು ಎಲ್ಲರಿಗೂ ಮೊದಲೇ ಕೊಟ್ಟಿಟ್ಟ ಮುಕ್ತ ಅನುಮತಿಯಲ್ಲಿ ಇರುವುದರಿಂದ, ಮೂಲ ಕರ್ತೃಗಳ ಹೆಸರು ನಮೂದಿಸಿ ಯಾರು ಬೇಕಾದರೂ ಅವನ್ನು ಬಳಸಬಹುದು, ಮಾರಲೂಬಹುದು. ಮಾರಬಹುದೆಂಬ ಮಾತನ್ನು ಸ್ವಯಂಸೇವಕರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಬಿಟ್ಟಿ ದುಡಿಮೆ ಇನ್ನೊಬ್ಬರ ಲಾಭಕ್ಕೆ ಹೋಯಿತೆಂಬ ಅಸಮಾಧಾನ ಎದ್ದರೆ ಶಮನ ಮಾಡುವುದು ಕಷ್ಟ.

ಎರಡನೆಯದಾಗಿ, ಕೆಲಸವನ್ನು ಒಂದೇ ಪಟ್ಟಿನಲ್ಲಿ ಮುಗಿಸುವಷ್ಟು ಚಿಕ್ಕದಾಗಿ ವಿಂಗಡಿಸಬೇಕು. ಪುಟಕ್ಕೆ ಒಂದೆರಡು ವಾಕ್ಯವಿರುವ ಚಿತ್ರಕಥೆಯನ್ನು ಕಚೇರಿ ಮುಗಿಸಿ ಬಂದವರೂ ರಾತ್ರಿ ಊಟದ ನಂತರ ಅನುವಾದಿಸಬಲ್ಲರು. ಇನ್ನೂರು ಪುಟದ ಕಾದಂಬರಿಯನ್ನು ಒಪ್ಪಿಕೊಂಡವರು ಬಹುಮಟ್ಟಿಗೆ ಅರ್ಧಕ್ಕೇ ಕೈಬಿಡುತ್ತಾರೆ.

ನಿಜವಾದ ಖರ್ಚು ಬೀಳುವುದು ಪರಿಶೀಲನೆಗೆ. ಉಚಿತವಾಗಿ ಬಂದ ಕೆಲಸವನ್ನು ತಿದ್ದಲು ಸಂಬಳದ ಸಂಪಾದಕರೇ ಬೇಕು ಎಂಬುದನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗತಾನೆ ಓದಲು ಕಲಿಯುತ್ತಿರುವ ಮಗುವಿಗೆ ಸಿದ್ಧಪಡಿಸಿದ ಕನ್ನಡ ಕಥೆಯಲ್ಲಿ ವ್ಯಾಕರಣ ಸರಿಯಿದ್ದು, ಸಾಲಿಗೆ ಮೂರು ಒತ್ತಕ್ಷರ ತುಂಬಿಕೊಂಡಿದ್ದರೆ ಮಗು ಅಲ್ಲಿಯೇ ತಡವರಿಸುತ್ತದೆ. ವಾಕ್ಯ ಚಿತ್ರದ ಜಾಗಕ್ಕೆ ಹಿಡಿಸುತ್ತದೆಯೇ, ಮಕ್ಕಳು ಆಡುವ ಮಾತಿಗೆ ಹತ್ತಿರವಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಆದ್ದರಿಂದ ಇಂಥ ನಿಯಮಗಳನ್ನು ಒಂದು ಪುಟದಲ್ಲಿ ಬರೆದು, ತಿದ್ದಿದ ಮಾದರಿಯೊಂದರ ಜೊತೆ ಮೊದಲ ದಿನವೇ ಸ್ವಯಂಸೇವಕರಿಗೆ ಕಳುಹಿಸಬೇಕು. ಪರಿಶೀಲಕರು ನಾಲ್ವರೇ ಇದ್ದರೆ, ನಾನೂರು ಜನರನ್ನು ಕರೆಯುವ ಉತ್ಸಾಹ ಬೇಡ.

ಸ್ವಯಂಸೇವಕರು ದೂರವಾಗುವುದು ಹಣ ಸಿಗಲಿಲ್ಲವೆಂದಲ್ಲ, ಕಳಿಸಿದ ಕೆಲಸ ಏನಾಯಿತೆಂದು ತಿಳಿಯದಿದ್ದಾಗ. ಒಪ್ಪಿಗೆಯಾಗಲಿ, ತಿದ್ದುಪಡಿಯಾಗಲಿ ವಾರದೊಳಗೆ ಉತ್ತರ ಹೋಗಬೇಕು. ಪ್ರಕಟವಾದ ಪುಟದಲ್ಲಿ ಅನುವಾದಕರ ಹೆಸರು ಇರಲೇಬೇಕು. ಚೆನ್ನಾಗಿ ಮಾಡುವವರನ್ನು ಕ್ರಮೇಣ ಪರಿಶೀಲಕರನ್ನಾಗಿ ಬೆಳೆಸಿದರೆ ಸಿಬ್ಬಂದಿಯ ಹೊರೆಯೂ ಇಳಿಯುತ್ತದೆ.

ಕೊನೆಯದು ಜನರಿಂದ ಹಣ ಸಂಗ್ರಹ. ಮುದ್ರಣಕ್ಕೆ ನೆರವು ಕೇಳುವಾಗ ‘ಸಮಾಜಸೇವೆಗೆ’ ಎನ್ನುವ ಬದಲು, ಇಂಥ ಶಾಲೆಯ ಗ್ರಂಥಾಲಯಕ್ಕೆ ಇಷ್ಟು ಪುಸ್ತಕ ಎಂದು ಹೇಳಿದರೆ ಕೊಡುವವರಿಗೆ ನಂಬಿಕೆ ಬರುತ್ತದೆ. ಹೊರದೇಶದ ಕನ್ನಡಿಗರ ವಿಷಯದಲ್ಲಿ ಒಂದು ಎಚ್ಚರ ಅಗತ್ಯ: ಅಲ್ಲಿನ ಪೌರತ್ವ ಪಡೆದವರ ದೇಣಿಗೆಯನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ವಿದೇಶಿ ಹಣವೆಂದೇ ಪರಿಗಣಿಸುವುದರಿಂದ, ಆ ಕಾಯ್ದೆಯ ಅನುಮತಿ ಇಲ್ಲದ ಸಂಸ್ಥೆ ಅದನ್ನು ಸ್ವೀಕರಿಸುವಂತಿಲ್ಲ, ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದಕ್ಕೆ ಈ ಅಡ್ಡಿ ಇಲ್ಲ. ಹಾಗಾಗಿ ದೇಣಿಗೆಯ ಅರ್ಜಿಯಲ್ಲಿ ಪೌರತ್ವದ ಪ್ರಶ್ನೆಯನ್ನು ಮೊತ್ತಕ್ಕಿಂತ ಮೊದಲೇ ಇಡುವುದು ಕ್ಷೇಮ.